ಸಿ ಪಾಳಿಯ ಸ್ಕ್ವಾಡ್

ಬಿಜಿಎಂಐ ಆಟದಲ್ಲಿ ರ‍್ಯಾಂಕ್ ಏರಿಸುವುದು ಹೇಗೆಂದು ಯೂಟ್ಯೂಬಿನಲ್ಲಿ ಪಾಠ ಹೇಳುವ ಹುಡುಗರಿಗೆ ಲೆಕ್ಕವಿಲ್ಲ. ಯಾವ ಬಂದೂಕು ಹಿಡಿಯಬೇಕು, ಎಲ್ಲಿ ಇಳಿಯಬೇಕು, ಪರದೆಯ ಮೇಲೆ ಎರಡು ಬೆರಳಿಡಬೇಕೋ ನಾಲ್ಕಿಡಬೇಕೋ, ಸೆನ್ಸಿಟಿವಿಟಿ ಎಷ್ಟಿರಬೇಕು, ಎಲ್ಲ ಹೇಳುತ್ತಾರೆ. ಕಾರ್ಖಾನೆಯ ಪಾಳಿಯ ವಿಷಯವನ್ನು ಮಾತ್ರ ಅವರಲ್ಲಿ ಒಬ್ಬನೂ ಎತ್ತಿದ್ದನ್ನು ನಾನು ಕೇಳಿಲ್ಲ. ಅವರ‍್ಯಾರೂ ಗಿಣಿಗೇರಾದ ನೀರು ಕುಡಿದವರಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ನಮ್ಮೂರು ಕೊಪ್ಪಳದಿಂದ ಹೊಸಪೇಟೆ ಕಡೆ ಹೋಗುವ ಹೆದ್ದಾರಿ 67ರ ಮೇಲಿದೆ. ರೈಲಿನವರಿಗೆ ಹುಬ್ಬಳ್ಳಿ–ಗುಂತಕಲ್ ಮಾರ್ಗದ ಒಂದು ನಿಲ್ದಾಣ. ಸುತ್ತಲೂ ಉಕ್ಕು, ಬೀಡು ಕಬ್ಬಿಣ, ಸ್ಪಾಂಜ್ ಐರನ್ನಿನ ಕಾರ್ಖಾನೆಗಳು. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೊರಟವನು ಸಂಜೆ ಯಾವ ಬಣ್ಣದ ಅಂಗಿಯಲ್ಲಿ ಮನೆಗೆ ಬರುತ್ತಾನೆ ಎಂಬುದನ್ನು ಗಾಳಿಯ ದಿಕ್ಕು ತೀರ್ಮಾನಿಸುತ್ತದೆ. ಊರಿಗೆ ಊರೇ ಎಂಟೆಂಟು ಗಂಟೆಯ ಮೂರು ತುಂಡುಗಳಲ್ಲಿ ಬದುಕುತ್ತದೆ. ಬೆಳಗಿನ ಆರರಿಂದ ಎರಡರವರೆಗೆ ಎ ಪಾಳಿ, ಎರಡರಿಂದ ರಾತ್ರಿ ಹತ್ತು ಬಿ ಪಾಳಿ, ಹತ್ತರಿಂದ ಬೆಳಗಿನ ಆರು ಸಿ ಪಾಳಿ. ಕನ್ಯಾ ಕೊಡಲು ಬಂದವರು ಕೂಡ ಪಗಾರ ಕೇಳುವ ಮುಂಚೆ "ಹುಡುಗಂದು ಯಾವ ಪಾಳಿರಿ?" ಎನ್ನುತ್ತಾರೆ.

ನಾನು ಪಾಳಿಯವನಲ್ಲ. ಹೆದ್ದಾರಿ ಬದಿಯ ಒಂದು ಕಾಟಾದಲ್ಲಿ ಗುಮಾಸ್ತ. ಅದಿರಿನ ಲಾರಿ ಬಂದು ಏರುತ್ತದೆ, ತುಂಬಿದ ತೂಕ, ಖಾಲಿ ತೂಕ, ಚೀಟಿ ಹರಿದು ಕೊಡುತ್ತೇನೆ. ರಾತ್ರಿ ಒಂಬತ್ತಕ್ಕೆ ಮನೆ. ನಲವತ್ತು ದಾಟಿದ ನನಗೆ ಅಳಿಯನ ಸ್ಕ್ವಾಡಿನಲ್ಲಿ ಜಾಗ ಸಿಕ್ಕಿದ್ದು ಗುರಿ ಹಿಡಿಯುವ ಕೈಗಲ್ಲ, ಈ ಒಂಬತ್ತು ಗಂಟೆಗೆ. "ಮಾಮಾ, ನೀವು ದಿನಾ ಒಂದ್ ಟೈಮಿಗೆ ಮನ್ಯಾಗ ಇರ‍್ತೀರಿ. ಗಿಣಿಗೇರಿಯೊಳಗ ಅದು ದೊಡ್ಡ ಸ್ಕಿಲ್ಲು" ಎಂದ ಅಕ್ಕನ ಮಗ. ಹೊಗಳಿಕೆ ಹೇಗೇ ಬಂದರೂ ಇಟ್ಟುಕೊಳ್ಳುವ ವಯಸ್ಸು ನನ್ನದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನೂರು ಮಂದಿ ವಿಮಾನದಿಂದ ಪ್ಯಾರಾಚೂಟಿನಲ್ಲಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಎರಾಂಗೆಲ್ ಎಂಬ ಆ ಮ್ಯಾಪು ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ನಾಲ್ಕು ನಾಲ್ಕು ಜನರ ತಂಡ. ಇಳಿದವರು ಮನೆಮನೆ ಹೊಕ್ಕು ಬಂದೂಕು, ಹೆಲ್ಮೆಟ್ಟು, ಬ್ಯಾಂಡೇಜು ಹುಡುಕಿಕೊಳ್ಳಬೇಕು; ಇದಕ್ಕೆ ಲೂಟ್ ಎನ್ನುತ್ತಾರೆ, ಯಾರೂ ನಾಚುವುದಿಲ್ಲ. ಅಷ್ಟರಲ್ಲಿ ಹೊರಗಿನಿಂದ ನೀಲಿ ಝೋನ್ ಒಳಸರಿಯುತ್ತ ಬಂದು ಬದುಕಿದವರನ್ನೆಲ್ಲ ಕೊನೆಗೆ ಒಂದು ಕಣದಷ್ಟು ಜಾಗಕ್ಕೆ ನೂಕುತ್ತದೆ. ಹೆಚ್ಚೂಕಡಿಮೆ ಅರ್ಧ ಗಂಟೆಯ ಆಟ. ಕಡೆಗೆ ಉಳಿದ ತಂಡಕ್ಕೆ ಸಿಗುವ ಬಿರುದು 'ಚಿಕನ್ ಡಿನ್ನರ್'.

ನಮ್ಮದು ಕೊರಳಲ್ಲಿ ಲಿಂಗ ಇರುವ ಮನೆ. ಒಂದು ಶ್ರಾವಣ ಸೋಮವಾರ ಅಳಿಯ ಪಡಸಾಲೆಯಲ್ಲಿ ಎದ್ದು ಕುಣಿಯುತ್ತ "ಮಾಮಾ, ಇವತ್ತ ಎರಡ್ ಚಿಕನ್ ಡಿನ್ನರ್ ಆತು!" ಎಂದು ಒದರಿದ್ದು ದೇವರ ಮನೆಯಲ್ಲಿದ್ದ ಅವ್ವನ ಕಿವಿಗೆ ಬಿತ್ತು. ಎರಡೆರಡು ಸಲ ಉಂಡವನಿಗೆ ರೊಟ್ಟಿ ಯಾಕೆ ಬೇಕು ಎಂಬುದು ಅವಳ ಮೊದಲ ಪ್ರಶ್ನೆ. ಫೋನಿನೊಳಗಿನ ಕೋಳಿ ಎಂದು ವಿವರಿಸಿದೆವು. "ಫೋನಿನ್ಯಾಗರ ಯಾಕ ಬೇಕಿತ್ತೋ ಯಪ್ಪಾ, ಅದೂ ಸ್ವಾಮಾರ" ಎಂದು ಇಬ್ಬರಿಗೂ ಜಳಕ ಮಾಡಿಸಿಯೇ ಅಡುಗೆಮನೆಗೆ ಬಿಟ್ಟಳು. ಅಂದಿನಿಂದ ನಮ್ಮ ತಂಡದಲ್ಲಿ ಗೆದ್ದರೆ 'ಪ್ರಸಾದ ಆತು' ಎನ್ನುತ್ತೇವೆ.

ಗೆಲ್ಲುವುದು ಬೇರೆ, ರ‍್ಯಾಂಕ್ ಬೇರೆ. ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್, ಕ್ರೌನ್, ಏಸ್ ಎಂದು ಮೆಟ್ಟಿಲುಗಳಿವೆ. 3700 ಅಂಕಕ್ಕೆ ಕ್ರೌನ್, 4200ಕ್ಕೆ ಏಸ್. ಹೆಚ್ಚು ಹೊತ್ತು ಬದುಕಿದರೆ ಪ್ಲಸ್, ನಾಲ್ಕು ಮಂದಿಯನ್ನು ಹೊಡೆದರೆ ಇನ್ನಷ್ಟು ಪ್ಲಸ್, ಇಳಿದ ಕೂಡಲೇ ಸತ್ತರೆ ಮೈನಸ್. ಮೇಲೇರಿದಂತೆ ಪ್ಲಸ್ ಸಣ್ಣದಾಗುತ್ತದೆ, ಮೈನಸ್ ದೊಡ್ಡದಾಗುತ್ತದೆ. ಸೀಸನ್ ಮುಗಿದರೆ ಏರಿದವರನ್ನೆಲ್ಲ ಕೆಳಗೆ ಇಳಿಸಿ, ಮತ್ತೆ ಏರಿ ಎನ್ನುತ್ತಾರೆ. ಏಸನ್ನೂ ದಾಟಿದವರಲ್ಲಿ ಮೊದಲ 500 ಮಂದಿಗೆ ಕಾಂಕರರ್ ಪದವಿ. 2022ರ ಜುಲೈನಲ್ಲಿ ಈ ಆಟಕ್ಕೆ ಹೆಸರು ಹಚ್ಚಿದವರು ಹತ್ತು ಕೋಟಿ ದಾಟಿದರೆಂದು ಕಂಪನಿಯೇ ಹೇಳಿತ್ತು. ಹತ್ತು ಕೋಟಿಯಲ್ಲಿ ಐನೂರು! ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ 371(ಜೆ) ಇದೆ, ಕಾಲೇಜು ಸೀಟಿನಲ್ಲಿ ಇದೆ. ಕಾಂಕರರ್ ಪಟ್ಟಿಯಲ್ಲಿ ಇಲ್ಲ. ಯಾರಾದರೂ ಶಾಸಕರು ಇದನ್ನು ಸದನದಲ್ಲಿ ಎತ್ತಿದರೆ ನಮ್ಮ ತಂಡದ ನಾಲ್ಕು ಓಟು ಗಟ್ಟಿ.

ಇಂಥ ಅಂಕದ ಗಣಿತದ ಮೂಲ ಚದುರಂಗದಲ್ಲಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ಎಂಬ ಮೇಷ್ಟ್ರು ಆಟಗಾರರ ಬಲವನ್ನು ಒಂದು ಅಂಕಿಯಲ್ಲಿ ಹೇಳುವ ಲೆಕ್ಕ ಕಟ್ಟಿದರು. 1970ರಲ್ಲಿ ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಅದನ್ನು ಒಪ್ಪಿಕೊಂಡಿತು. ನಿನಗಿಂತ ಗಟ್ಟಿಗನನ್ನು ಸೋಲಿಸಿದರೆ ಹೆಚ್ಚು ಅಂಕ, ಬಡಪಾಯಿಯನ್ನು ಸೋಲಿಸಿದರೆ ಕಡಿಮೆ, ಬಡಪಾಯಿಯ ಕೈಲಿ ಸೋತರೆ ದೊಡ್ಡ ಏಟು. ಚದುರಂಗದಲ್ಲಿ ಇದು ಸಲೀಸು. ಮಣೆಯ ಆ ಕಡೆ ಒಬ್ಬ, ಈ ಕಡೆ ಒಬ್ಬ. ನಾಲ್ವರು ಸೇರಿ ಗೆದ್ದರೆ ಯಾರ ಪಾಲು ಎಷ್ಟು? 2005ರಲ್ಲಿ ಎಕ್ಸ್‌ಬಾಕ್ಸ್ 360ಕ್ಕಾಗಿ ಮೈಕ್ರೋಸಾಫ್ಟಿನ ಸಂಶೋಧಕರು ಟ್ರೂಸ್ಕಿಲ್ ಎಂಬ ಹೊಸ ಲೆಕ್ಕ ತಂದರು. ಅದು ಪ್ರತಿ ಆಟಗಾರನಿಗೂ ಎರಡು ಅಂಕಿ ಇಡುತ್ತದೆ: ಇವನು ಎಷ್ಟು ಬಲಶಾಲಿ ಎಂಬುದೊಂದು, ಆ ಅಂದಾಜಿನ ಬಗ್ಗೆ ತನಗೆಷ್ಟು ಅನುಮಾನ ಎಂಬುದೊಂದು. ನನ್ನ ಹೆಂಡತಿ ಎರಡನೆಯದನ್ನು ಮಾತ್ರ ಇಟ್ಟಿದ್ದಾಳೆ.

ಎಷ್ಟೇ ಜಾಣ ಲೆಕ್ಕವಾದರೂ ಅದು ನಮ್ಮ ಕಾಟಾದ ಹಾಗೆಯೇ. ಲಾರಿ ಏರಿತು, ಇಷ್ಟು ಟನ್ ಎಂದು ತೋರಿಸಿತು. ಅದರಲ್ಲಿ ಯಾವ ಹಮಾಲ ಎಷ್ಟು ಪುಟ್ಟಿ ಹೊತ್ತ, ಯಾವನು ಬೀಡಿ ಸೇದುತ್ತ ಟೈರಿಗೆ ಒರಗಿದ್ದ ಎಂದು ಚೀಟಿಯಲ್ಲಿ ಬರುವುದಿಲ್ಲ. ಹಾಗೆಂದು ತೂಕ ಸುಳ್ಳೂ ಅಲ್ಲ.

ಇದು ನನಗೆ ನಾಟಲು ಕಾರಣ ತಂಡದಲ್ಲಿ ನನಗಿದ್ದ ಹುದ್ದೆ. ಒಳ್ಳೆಯ ಸ್ಕ್ವಾಡಿಗೆ ದಾರಿ ಹೇಳುವ ಒಬ್ಬ ಬೇಕು, ಅವನಿಗೆ ಐಜಿಎಲ್ ಎನ್ನುತ್ತಾರೆ. ಮುನ್ನುಗ್ಗುವವನೊಬ್ಬ, ದೂರದಿಂದ ಹೊಡೆಯುವವನೊಬ್ಬ, ಹಿಂದೆ ನಿಂತು ಸಾಮಾನು ಹೊರುವವನೊಬ್ಬ. ನಾನು ಸಾಮಾನಿನವನು. ಬೆನ್ನ ಚೀಲದ ತುಂಬ ಫಸ್ಟ್ ಏಡ್ ಡಬ್ಬಿ, ಬ್ಯಾಂಡೇಜು, ಹೊಗೆ ಬಾಂಬು. ಗುಂಡು ತಿಂದವನು ಕೂಡಲೇ ಸಾಯುವುದಿಲ್ಲ. ನಾಕ್ ಆಗಿ ಮೊಣಕಾಲ ಮೇಲೆ ತೆವಳುತ್ತಿರುತ್ತಾನೆ. ಹೊಗೆ ಹಾಕಿ, ಅದರ ಮರೆಯಲ್ಲಿ ಅವನ ಪಕ್ಕ ಕೂತು ಹತ್ತು ಸೆಕೆಂಡು ಗುಂಡಿ ಒತ್ತಿ ಹಿಡಿದರೆ ಎದ್ದು ನಿಲ್ಲುತ್ತಾನೆ. ಎದ್ದವನು ಧನ್ಯವಾದ ಹೇಳದೆ ಮತ್ತೆ ಅದೇ ಮನೆಗೆ ನುಗ್ಗುತ್ತಾನೆ. ಎಷ್ಟು ಜನರನ್ನು ಎಬ್ಬಿಸಿದೆ ಎಂಬ ಲೆಕ್ಕ ಆಟ ಮುಗಿದ ಮೇಲಿನ ಪುಟದ ಮೂಲೆಯಲ್ಲಿ ಬರುತ್ತದೆ. ಆ ಮೂಲೆಯನ್ನು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿದವನನ್ನು ನಾನು ಇನ್ನೂ ನೋಡಬೇಕು.

ಎಬ್ಬಿಸುವ ಕಸುಬಿನಲ್ಲಿ ನಾನೊಂದು ವಿಷಯ ಕಂಡುಕೊಂಡೆ. ನಮ್ಮ ಕಡೆ ಸೋದರಮಾವನಿಗೆ ಮರ್ಯಾದೆ ಜಾಸ್ತಿ. ಜೀವದ ಪಟ್ಟಿ ತುಂಬಿದ್ದಾಗ ಅಳಿಯ "ಮಾಮಾ, ಈ ಕಡೆ ಬರ‍್ರಿ" ಎನ್ನುತ್ತಾನೆ. ಅರ್ಧಕ್ಕೆ ಇಳಿದರೆ "ಮಾಮಾ, ಲಗು ಬಾ". ಕೆಂಪಗಾದರೆ "ಬಾರಲೇ ಮಾಮಾ, ಎಲ್ಲಿ ಸತ್ತಿ!" ಎದ್ದ ಮೇಲೆ ಮತ್ತೆ ರಿ ಹಚ್ಚುತ್ತಾನೆ. ಬಹುವಚನಕ್ಕೂ ರಕ್ತದೊತ್ತಡಕ್ಕೂ ಇರುವ ಸಂಬಂಧವನ್ನು ಯಾರಾದರೂ ಪಿಎಚ್‌ಡಿಗೆ ತೆಗೆದುಕೊಳ್ಳಬಹುದು.

ನಾನೇ ಬಿದ್ದ ರಾತ್ರಿಯೊಂದು ಓಣಿಗೆಲ್ಲ ಪ್ರಸಿದ್ಧ. ಸೆಕೆ ಎಂದು ಕಿಟಕಿ ತೆಗೆದು ಕೂತಿದ್ದೆ. ಪೊಚಿಂಕಿಯ ಒಂದು ಮನೆಯ ಹಿಂದೆ ನಾಕ್ ಆದೆ. ಇಯರ್‌ಫೋನ್ ಹಾಕಿಕೊಂಡವನಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. "ಸಾಯಾಕತ್ತೀನ್ರಲೇ, ಯಾರರ ಬಂದು ಎಬ್ಬಸ್ರಿ!" ಎಂದು ಕೂಗಿದ್ದೇನೆ. ಎದುರು ಮನೆಯ ಆಯಿ ಒಂದು ಕೈಲಿ ನೀರಿನ ತಂಬಿಗೆ, ಇನ್ನೊಂದು ಕೈಲಿ ವಿಭೂತಿ ಗಟ್ಟಿ ಹಿಡಿದು ಓಡಿ ಬಂದರು. ಹಿಂದೆ ಅವರ ಮಗ 108ಕ್ಕೆ ಫೋನ್ ಹಚ್ಚುತ್ತ ಬಂದ. ನಾನು ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಫೋನಿನಲ್ಲಿ ತೆವಳುತ್ತಿದ್ದೆ. ಕಬಡ್ಡಿಯಲ್ಲಿ ಔಟಾದವರು ಮತ್ತೆ ಒಳಗೆ ಬರುತ್ತಾರಲ್ಲ, ಹಾಗೆ ಎಂದು ತಿಳಿಸಿ ಹೇಳಿದೆ. ಆಯಿ ನನ್ನನ್ನು ನೋಡಲಿಲ್ಲ, ನನ್ನ ಹೆಂಡತಿಯನ್ನು ನೋಡಿ "ಇರ‍್ಲಿ ಬಿಡವ್ವಾ, ಕುಡ್ಯಾಕಿಂತ ಇದು ಬೇಸಿ" ಎಂದರು. ನನ್ನ ಆಟದ ಬಗ್ಗೆ ಈವರೆಗೆ ಬಂದ ಅತ್ಯುತ್ತಮ ವಿಮರ್ಶೆ ಅದು.

ನಮ್ಮ ರ‍್ಯಾಂಕಿನ ಸುವರ್ಣಯುಗ 2020ರ ಲಾಕ್‌ಡೌನ್. ಆಗ ಆಟದ ಹೆಸರು ಇನ್ನೂ ಪಬ್ಜಿ. ಪ್ರಪಂಚ ಬಾಗಿಲು ಹಾಕಿಕೊಂಡಿತ್ತು, ನಾಲ್ವರೂ ಮನೆಯಲ್ಲಿದ್ದೆವು. ನಾನು, ಕುಲುಮೆಯ ಬಳಿ ಕೆಲಸ ಮಾಡುವ ಅಳಿಯ, ಕ್ರೇನ್ ನಡೆಸುವ ಒಬ್ಬ, ಮೊಬೈಲ್ ಅಂಗಡಿಯ ಇನ್ನೊಬ್ಬ. ಮಧ್ಯಾಹ್ನ ಆಡಿದೆವು, ರಾತ್ರಿ ಆಡಿದೆವು, ನಿದ್ದೆ ಬರದ ನಸುಕಿನಲ್ಲೂ ಆಡಿದೆವು. ಯಾರಿಗೂ ವಿಶೇಷ ಕೌಶಲ ಬಂದಿರಲಿಲ್ಲ. ಆದರೆ ಅಳಿಯ ಎಡಕ್ಕೆ ಹೊರಳಿದರೆ ಕ್ರೇನಿನವನು ಬಲಕ್ಕೆ ನಿಲ್ಲುತ್ತಾನೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಂಗಡಿಯವನ ಉಸಿರು ಕೇಳಿದರೇ ಅವನು ಹೆದರಿದ್ದಾನೆಂದು ಗೊತ್ತಾಗುತ್ತಿತ್ತು. ಡೈಮಂಡ್ ದಾಟಿ ಕ್ರೌನಿಗೆ ಬಂದೆವು. ಕ್ರೌನ್ ಐದರಿಂದ ಒಂದೊಂದೇ ಮೇಲೆ ಹತ್ತುತ್ತ ಏಸಿನ ಬಾಗಿಲು ಕಾಣುವಷ್ಟು ಹತ್ತಿರ ಹೋದೆವು.

ಆಗ ನಮ್ಮನ್ನು ಹೊಡೆದು ಕೆಡವಿದ್ದು ವೈರಿ ತಂಡವಲ್ಲ, ಕೇಂದ್ರ ಸರ್ಕಾರ. 2020ರ ಸೆಪ್ಟೆಂಬರ್ 2ರಂದು ಪಬ್ಜಿಯೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದರು. ಅದಕ್ಕೂ ಮುಂಚೆ, 2019ರ ಜನವರಿಯಲ್ಲಿ, ದೆಹಲಿಯ 'ಪರೀಕ್ಷಾ ಪೇ ಚರ್ಚಾ'ದಲ್ಲಿ ತಾಯಿಯೊಬ್ಬರು ಮಗನ ಆಟದ ಹುಚ್ಚು ಹೇಳಿಕೊಂಡಾಗ, ಅವನು ಪಬ್ಜಿಯವನಾ ಎಂದು ಪ್ರಧಾನಿಯೇ ಕೇಳಿ ಸಭೆಯನ್ನು ನಗಿಸಿದ್ದರು. ನಾವೂ ನಕ್ಕಿದ್ದೆವು. 2021ರ ಜುಲೈ 2ಕ್ಕೆ ಅದೇ ಆಟ ಬಿಜಿಎಂಐ ಎಂದು ಹೆಸರು ಬದಲಿಸಿಕೊಂಡು ಬಂತು. ರಕ್ತ ಕೆಂಪಿದ್ದದ್ದು ಹಸಿರಾಗಿತ್ತು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಎಂಬ ಕಟ್ಟಳೆ ಇತ್ತು. 2022ರ ಜುಲೈ 28ಕ್ಕೆ ಅದೂ ಪ್ಲೇ ಸ್ಟೋರಿನಿಂದ ಮಾಯ. 2023ರ ಮೇ ಕೊನೆಗೆ ಮತ್ತೆ ಪ್ರತ್ಯಕ್ಷ. ಇಷ್ಟು ಸಲ ನಾಕ್ ಆಗಿ ಇಷ್ಟು ಸಲ ಎದ್ದ ಆಟಗಾರ ನಮ್ಮ ತಂಡದಲ್ಲೂ ಯಾರೂ ಇಲ್ಲ.

ಆಟ ಮರಳಿತು. ನಾವು ನಾಲ್ವರು ಮರಳಲಿಲ್ಲ. ಕಾರ್ಖಾನೆಗಳು ತಮ್ಮ ಗತಿಗೆ ಬಂದಿದ್ದವು, ಪಾಳಿಗಳೂ. ಆಗ ನಾನು ಕಾಟಾ ಚೀಟಿಯ ಹಿಂದೆ ಒಂದು ಕೋಷ್ಟಕ ಬರೆದೆ. ಅಳಿಯ ಎ ಪಾಳಿಯಲ್ಲಿದ್ದ ವಾರ ಕ್ರೇನಿನವನು ಬಿ. ಅವನು ರಾತ್ರಿ ಹತ್ತಕ್ಕೆ ಬಿಟ್ಟು ಬರುತ್ತಾನೆ, ಅಳಿಯ ಬೆಳಿಗ್ಗೆ ಐದಕ್ಕೆ ಏಳಬೇಕು. ನಡುವೆ ಒಂದು ಗಂಟೆ ಸಿಕ್ಕರೆ ಎರಡು ಮ್ಯಾಚು. ಮುಂದಿನ ವಾರ ಅಳಿಯ ಬಿ, ಕ್ರೇನಿನವನು ಸಿ. ಒಬ್ಬ ಹತ್ತಕ್ಕೆ ಗೇಟಿನಿಂದ ಹೊರಬರುವಾಗ ಇನ್ನೊಬ್ಬ ಒಳಹೋಗುತ್ತಿರುತ್ತಾನೆ. ಗೇಟಿನಲ್ಲಿ ಕೈ ಎತ್ತಿ ಮಾತಾಡಿಸುವುದೇ ಆ ವಾರದ ಆಟ. ಅದರ ಮುಂದಿನ ವಾರ ಅಳಿಯ ಸಿ, ಅವನು ಎ. ಇಬ್ಬರೂ ಸಂಜೆ ನಾಲ್ಕಕ್ಕೆ ಎದ್ದು ಕೂತಿರುತ್ತಾರೆ, ನಾನು ಕಾಟಾದಲ್ಲಿ, ಅಂಗಡಿಯವನು ಅಂಗಡಿಯಲ್ಲಿ. ಮೂರು ವಾರಕ್ಕೊಂದು ವಾರ ಮಾತ್ರ ನಾಲ್ವರೂ ಒಂದೇ ಹೊತ್ತಿಗೆ ಎಚ್ಚರ. ನಮ್ಮ ರ‍್ಯಾಂಕಿನ ಗೆರೆ ಎಳೆದು ನೋಡಿದರೆ ಹಾಗೇ ಇತ್ತು: ಒಂದು ವಾರ ಏರು, ಎರಡು ವಾರ ಇಳಿ. ಸೆನ್ಸಿಟಿವಿಟಿ ಬದಲಿಸು, ಹೊಸ ಫೋನ್ ತಗೋ ಎಂದು ಅಂಗಡಿಯವನು ಹೇಳುತ್ತಲೇ ಇದ್ದ. ಅದು ಅವನ ವ್ಯಾಪಾರ. ನಮಗೆ ಬೇಕಾಗಿದ್ದದ್ದು ಪಾಳಿ ಬರೆಯುವ ಟೈಂಕೀಪರನ ಕೃಪೆ.

ಆ ಎರಡು ವಾರ ಖಾಲಿ ಜಾಗಕ್ಕೆ ರ‍್ಯಾಂಡಮ್‌ಗಳು ಬರುತ್ತಿದ್ದರು. ಆಟವೇ ಎಲ್ಲಿಂದಲೋ ಹಿಡಿದು ತಂದು ಜೊತೆಗೆ ಹಾಕುವ ಅಪರಿಚಿತರು. "ಭಾಯ್, ರಿವೈವ್ ದೇ" ಎನ್ನುವ ಅವರ ಹಿಂದಿಯೂ ಕಾರ್ಖಾನೆ ಗೇಟಿನ ಚಹಾದಂಗಡಿಯಲ್ಲಿ ಕೇಳುವ ಹಿಂದಿಯೂ ಒಂದೇ. ಕೆಲವರು ಭಾರಿ ಆಟಗಾರರು. ಆದರೆ ಮೈಕ್ ಬಂದ್ ಮಾಡಿಕೊಂಡು ಬರುತ್ತಾರೆ, ತಮ್ಮ ಪಾಡಿಗೆ ತಾವು ಹೋಗಿ ಎಲ್ಲೋ ಸಾಯುತ್ತಾರೆ, ಸತ್ತ ಕೂಡಲೇ ಬಿಟ್ಟು ಹೋಗುತ್ತಾರೆ. ಒಬ್ಬ ಮಾತ್ರ, ನಾನು ಎರಡನೆಯ ಸಲ ಎಬ್ಬಿಸಿದಾಗ, "ಅಂಕಲ್, ಆಪ್ ಸೋ ಜಾವೋ" ಎಂದ. ನನ್ನ ಕೆಮ್ಮು ಅವನಿಗೆ ಕೇಳಿಸಿತ್ತು. ಅವನು ಹೇಳಿದ್ದು ವ್ಯಂಗ್ಯವೋ ಕಾಳಜಿಯೋ ಎಂದು ಬಗೆಹರಿಯದೆ ಅಂದು ಮಲಗಲು ಇನ್ನೂ ತಡವಾಯಿತು.

ರ‍್ಯಾಂಕ್ ಉಳಿಸಿಕೊಳ್ಳಲು ಒಂದು ಅಡ್ಡದಾರಿಯೂ ಉಂಟು. ದೂರದ ಮೂಲೆಯಲ್ಲಿ ಇಳಿದು, ಹುಲ್ಲಿನಲ್ಲಿ ಬೋರಲು ಬಿದ್ದು, ಝೋನಿನ ಜೊತೆಗೆ ತೆವಳುತ್ತ ಯಾರಿಗೂ ಕಾಣದೆ ಮೊದಲ ಹತ್ತರೊಳಗೆ ಬರುವುದು. ಹುಡುಗರು ಇದಕ್ಕೆ ಸ್ನೇಕ್ ಎನ್ನುತ್ತಾರೆ, ಹೇಸುತ್ತಾರೆ, ಸೀಸನ್ ಕೊನೆಗೆ ಎಲ್ಲರೂ ಮಾಡುತ್ತಾರೆ. ಪ್ಲಸ್ ಖಂಡಿತ ಬರುತ್ತದೆ. ಅರ್ಧ ಗಂಟೆ ಹುಲ್ಲಿನಲ್ಲಿ ಮಲಗಲು ಫೋನು ಯಾಕೆ, ಕೆರೆ ದಂಡೆಗೆ ಹೋಗಬಹುದಲ್ಲ ಎಂಬ ಹೆಂಡತಿಯ ಪ್ರಶ್ನೆಗೆ ಮಾತ್ರ ಯೂಟ್ಯೂಬಿನಲ್ಲೂ ಉತ್ತರವಿಲ್ಲ.

ಆಮೇಲೆ ಒಬ್ಬೊಬ್ಬರೇ ಚದುರಿದರು. ಕ್ರೇನಿನವನಿಗೆ ತೋರಣಗಲ್ಲಿನ ಕಡೆ ಹೆಚ್ಚು ಪಗಾರದ ಕೆಲಸ ಸಿಕ್ಕಿತು. ಅಂಗಡಿಯವನು ಕಾರಟಗಿಯವನು, ಊರಲ್ಲೇ ಸ್ವಂತ ಅಂಗಡಿ ಇಟ್ಟ. ಮೊದಮೊದಲು ರೈಲಿನಲ್ಲಿ ಗಿಣಿಗೇರಾಕ್ಕೆ ಬಂದು ಹೋಗುತ್ತಿದ್ದ. ಆ ರೈಲಿನ ಕಥೆ ಗೊತ್ತಲ್ಲ: ಗಿಣಿಗೇರಾ–ಮೆಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ, ನಮ್ಮ ಕಡೆಯಿಂದ ಹಳಿ ಸಿಂಧನೂರು ಮುಟ್ಟಿದ್ದು 2024ರಲ್ಲಿ. ಕ್ರೌನಿನಿಂದ ಏಸಿಗೆ ತಡವಾಯಿತೆಂದು ನಾನು ಗೊಣಗಿದಾಗಲೆಲ್ಲ ಅವನು ಹಳಿ ತೋರಿಸುತ್ತಿದ್ದ. ಅಳಿಯನಿಗೆ ಮದುವೆಯಾಯಿತು. ಈಗ ಅವನ ಮೈಕ್ ತೆರೆದರೆ ಕೂಸು ಅಳುವುದು ಕೇಳುತ್ತದೆ. "ಮಾಮಾ, ಒಂದ್ ನಿಮಿಷ" ಎಂದು ಎದ್ದು ಹೋಗುತ್ತಾನೆ, ಅವನ ಬೊಂಬೆ ಬಯಲಲ್ಲಿ ಸುಮ್ಮನೆ ನಿಂತಿರುತ್ತದೆ. ನಾನು ಪಕ್ಕದಲ್ಲಿ ಹೊಗೆ ಹಾಕಿ ಕಾಯುತ್ತೇನೆ. ಅವನು ಬರುವುದರೊಳಗೆ ಝೋನ್ ಬರುತ್ತದೆ.

ಎಲ್ಲರೂ ಕೂಡುವುದು ವರ್ಷಕ್ಕೊಮ್ಮೆ, ಜನವರಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಗೆ. ಯಾವ ಪಾಳಿಯಲ್ಲಿದ್ದರೂ ರಜೆ ಕಿತ್ತುಕೊಂಡು ಬರುತ್ತಾರೆ. ತೇರು ಎಳೆದು, ಲಕ್ಷ ಲಕ್ಷ ಜನರ ನಡುವೆ ದಾಸೋಹದ ಸಾಲಿನಲ್ಲಿ ಕೂತು ರೊಟ್ಟಿ, ಮಾದಲಿ, ಬಿಸಿ ಮಿರ್ಚಿ ಉಂಡೆವು ಈ ಸಲವೂ. ಕೈ ತೊಳೆದು ಗುಡ್ಡದ ಬದಿಗೆ ಹೋಗಿ ನಾಲ್ವರೂ ಒಟ್ಟಿಗೆ ಫೋನು ತೆಗೆದೆವು. ಅಷ್ಟು ಜನರ ಫೋನಿನ ನಡುವೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಲಾಬಿಯಲ್ಲಿ ನಾಲ್ಕು ಬೊಂಬೆಗಳು ಸಾಲಾಗಿ ನಿಂತವು, ಆಟ ಶುರುವಾಗಲೇ ಇಲ್ಲ. ಹೊತ್ತು ಹೋಗಲು ಹಳೆಯ ಮ್ಯಾಚುಗಳ ಮಾತು ತೆಗೆದೆವು. ಯಾರು ಯಾರನ್ನು ಬಿಟ್ಟು ಓಡಿದ್ದ, ಯಾರ ಜೀಪು ಕಲ್ಲಿಗೆ ಗುದ್ದಿ ನಾಲ್ವರೂ ಒಟ್ಟಿಗೆ ಸತ್ತೆವು, ಎಲ್ಲ ಬಂತು. ಕ್ರೇನಿನವನು ಮಾತಿನ ನಡುವೆ, ಲಾಕ್‌ಡೌನಿನ ವರ್ಷ ತನ್ನನ್ನು ನಾನು ಎಷ್ಟು ಸಲ ಎಬ್ಬಿಸಿದ್ದೆನೆಂದು ಒಂದು ಅಂಕಿ ಹೇಳಿದ. ಆಟದ ಯಾವ ಪುಟದಲ್ಲೂ ಇಷ್ಟು ದಿನ ಉಳಿಯದ ಲೆಕ್ಕ. ಸುಳ್ಳೇ ಇರಬಹುದು, ತಿದ್ದಲು ಹೋಗಲಿಲ್ಲ.

ಸದ್ಯ ನಾನು ಪ್ಲಾಟಿನಂನಲ್ಲಿದ್ದೇನೆ, ಇಳಿಯುವ ದಿಕ್ಕಿನಲ್ಲಿ. ಹೊಸ ಸೀಸನ್ ಶುರುವಾಗುತ್ತಿದೆ. ಅಳಿಯ ಮೂರು ವಾರಕ್ಕೊಮ್ಮೆ, ಕೂಸು ಮಲಗಿದರೆ, ಬರುತ್ತಾನೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಗಿಣಿಗೇರಾ, ಬೇವಿನಹಳ್ಳಿ, ಹಿರೇಬಗನಾಳ, ಕುಣಿಕೇರಿ, ಸುತ್ತಲಿನ ಯಾವ ಊರಿನವರಾದರೂ ಸರಿ, ಇಬ್ಬರು ಬೇಕಾಗಿದ್ದಾರೆ. ರ‍್ಯಾಂಕ್ ಎಷ್ಟಿದ್ದರೂ ನಡೆಯುತ್ತದೆ, ಗುರಿ ತಪ್ಪಿದರೂ ಅಡ್ಡಿಯಿಲ್ಲ, ಬಿದ್ದರೆ ಎಬ್ಬಿಸುವ ಜವಾಬ್ದಾರಿ ನನ್ನದು. ಮೈಕ್ ಮಾತ್ರ ಚಾಲೂ ಇರಬೇಕು. ಮತ್ತೆ, ಯಾವ ಪಾಳಿ ಎಂಬುದನ್ನು ಮೊದಲೇ ಹೇಳಿಬಿಡಿ.